ಟವರ್ ಭೀಮೇಶನ ಎರಡು ಫೋನು

ರವೀಂದ್ರನಗರದ ಆಟೋ ಸ್ಟ್ಯಾಂಡಿನಲ್ಲಿ ಒಂದು ಕಟ್ಟುಪಾಡಿದೆ. ಸಾಲಿನ ಮೊದಲ ಗಾಡಿಯವನು ಬಂದ ಬಾಡಿಗೆಯನ್ನು ಒಪ್ಪಿಕೊಳ್ಳಲೇಬೇಕು. ಒಲ್ಲೆ ಎಂದರೆ ಗಾಡಿ ತಿರುಗಿಸಿಕೊಂಡು ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕು. ಹೀಗೆ ಮೇಲಿಂದ ಮೇಲೆ ಬಾಲಕ್ಕೆ ಹೋಗುತ್ತಿದ್ದವನು ಇಡೀ ಸ್ಟ್ಯಾಂಡಿನಲ್ಲಿ ಒಬ್ಬನೇ, ಭೀಮೇಶ. ಗಿರಾಕಿ ಬಂದು ಊರಾಚೆಯ ಯಾವುದೋ ಬಡಾವಣೆಯ ಹೆಸರು ಹೇಳಿದರೆ ಉಳಿದ ಡ್ರೈವರುಗಳು ದೂರ ಎಷ್ಟು, ರಸ್ತೆ ಹೇಗಿದೆ, ವಾಪಸ್ ಬಾಡಿಗೆ ಸಿಗುತ್ತದೆಯೇ ಎಂದು ಯೋಚಿಸುತ್ತಾರೆ. ಭೀಮೇಶ ಯೋಚಿಸುತ್ತಿದ್ದದ್ದು ಅಲ್ಲಿ ಫೋನಿಗೆ ಸಿಗ್ನಲ್ಲಿನ ಎಷ್ಟು ಕಡ್ಡಿ ಬರುತ್ತದೆ ಎಂದು.

"ಅಲ್ಲಿ ಟವರ್ ಸಿಗಲ್ಲ ಸಾರ್, ಹಿಂದಿನ ಗಾಡಿ ಹತ್ತಿ" ಎಂದುಬಿಡುತ್ತಿದ್ದ.

ಗಿರಾಕಿ ಕಕ್ಕಾಬಿಕ್ಕಿ. ತಾನು ಹೋಗಬೇಕಾದದ್ದು ತನ್ನ ಮನೆಗೆ, ಅದಕ್ಕೂ ಟವರಿಗೂ ಏನು ಸಂಬಂಧ ಎಂದು ಅವನು ಕೇಳುವಷ್ಟರಲ್ಲಿ ಭೀಮೇಶನ ಗಾಡಿ ಬಾಲ ಸೇರಿರುತ್ತಿತ್ತು. ಹಿಂದಿನ ಗಾಡಿಯ ಯೋಗೇಶನಿಗೆ ಇದರಿಂದ ಲಾಭವೇ ಆಗುತ್ತಿದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ.

"ನೀನು ಆಟೋ ಓಡಿಸ್ತೀಯೋ ಟವರ್ ಕಾಯ್ತೀಯೋ ಮಾರಾಯ? ಆ ಕಂಬದ ಮೇಲೆ ಹತ್ತಿ ಕೂತ್ಕೋ ಹೋಗು, ಪೂರ್ತಿ ಕಡ್ಡಿ ಸಿಗತ್ತೆ."

ಹಾಗೆ ಬಂದ ಹೆಸರು ಟವರ್ ಭೀಮೇಶ. ಅವನ ಆಟೋದ ಹ್ಯಾಂಡಲ್ ಪಕ್ಕ ಎರಡು ಫೋನುಗಳು ಅಕ್ಕಪಕ್ಕ ಕೂತಿರುತ್ತಿದ್ದವು. ಒಂದರಲ್ಲಿ ಹಳೇ ಸಿಮ್, ಇನ್ನೊಂದರಲ್ಲಿ ಹೊಸ ಸಿಮ್. ಕಂಪನಿ ಬೇರೆ ಬೇರೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಎರಡರಲ್ಲೂ ಸಿಗ್ನಲ್ ಅಳೆಯುವ ಆ್ಯಪು, ನೆಟ್ಟಿನ ವೇಗ ಅಳೆಯುವ ಆ್ಯಪು. ಸಿಗ್ನಲ್ಲಿನ ಅಂಕಿ ಮೈನಸ್ಸಿನಲ್ಲಿ ಇರುತ್ತದೆ, ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. ಈ ತಲೆಕೆಳಗಿನ ಲೆಕ್ಕ ಭೀಮೇಶನಿಗೆ ಎಷ್ಟು ಪಳಗಿತ್ತು ಎಂದರೆ ಸಂತೆಯಲ್ಲಿ ತರಕಾರಿ ಕೊಳ್ಳುವಾಗಲೂ ದೊಡ್ಡ ಅಂಕಿ ಕೇಳಿದರೆ ಅವನ ಎದೆ ಧಸಕ್ ಎನ್ನುತ್ತಿತ್ತು.

ಹತ್ತಿದ ಗಿರಾಕಿಗಳನ್ನೂ ಅವನು ಬಿಡುತ್ತಿರಲಿಲ್ಲ. "ನಿಮ್ದು ಯಾವ ಸಿಮ್ಮು ಮೇಡಂ? ಇಲ್ಲಿ ಎಷ್ಟು ಕಡ್ಡಿ ಇದೆ ನೋಡಿ ಸ್ವಲ್ಪ. ವಿಡಿಯೋ ಓಡತ್ತಾ, ಸುತ್ತತ್ತಾ?" ಎಂದು ಕನ್ನಡಿಯಲ್ಲಿ ನೋಡುತ್ತ ಕೇಳುತ್ತಿದ್ದ. ಕೆಲವರು ಸಿಮ್ ಮಾರುವವನಿರಬೇಕು ಎಂದುಕೊಂಡು ಮುಖ ತಿರುಗಿಸುತ್ತಿದ್ದರು. ಕೆಲವರು ಪಾಪ ಹೇಳುತ್ತಿದ್ದರು. ಹೀಗೆ ಹೋದಲ್ಲಿ ಬಂದಲ್ಲಿ ಕೇಳಿ ಕೇಳಿ, ಶಿವಮೊಗ್ಗದ ಯಾವ ತಿರುವಿನಲ್ಲಿ ಯಾವ ಕಂಪನಿ ಉಸಿರಾಡುತ್ತದೆ, ಯಾವುದು ಪ್ರಾಣ ಬಿಡುತ್ತದೆ ಎಂಬುದು ಅವನ ತಲೆಯಲ್ಲಿ ಕೂತಿತ್ತು. ಕೂತದ್ದು ಅದೊಂದೇ. ಅವನು ಮಾತ್ರ ಎಲ್ಲಿಯೂ ಕೂರುತ್ತಿರಲಿಲ್ಲ. ಚಹಾ ಕುಡಿಯುವಾಗ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈ ಫೋನಿನೊಂದಿಗೆ ಮೇಲೆ. ಮದುವೆ ಮನೆಯಲ್ಲಿ ಊಟದ ಹಾಲ್ ನೆಲಮಾಳಿಗೆಯಲ್ಲಿದ್ದರೆ ಅಕ್ಷತೆ ಹಾಕಿ ಹಸಿದ ಹೊಟ್ಟೆಯಲ್ಲೇ ವಾಪಸ್.

ಇಷ್ಟು ಹೇಳಿ ಬಿಟ್ಟರೆ ಭೀಮೇಶನಿಗೆ ತಲೆ ಕೆಟ್ಟಿದೆ ಎಂದು ಓದುವವರು ತೀರ್ಮಾನ ಮಾಡಿಬಿಡುತ್ತಾರೆ. ಅದು ಅನ್ಯಾಯ. ಅವನ ಹೆಂಡತಿ ಧನಲಕ್ಷ್ಮಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ತನ್ನದೊಂದು ಕಿಡ್ನಿ ಕೊಡುತ್ತೇನೆ ಎಂದು ಭೀಮೇಶ ಶರ್ಟಿನ ಗುಂಡಿ ಬಿಚ್ಚಿಕೊಂಡೇ ನಿಂತಿದ್ದ, ಆದರೆ ರಕ್ತ ಹೊಂದಲಿಲ್ಲ. ಭದ್ರಾವತಿಯಲ್ಲಿದ್ದ ಅವಳ ತಮ್ಮ ಶಿವಕುಮಾರನದೂ ಹೊಂದಲಿಲ್ಲ. ಅವಳ ತಾಯಿ ಯಲ್ಲಮ್ಮನಿಗೆ ಸಕ್ಕರೆ ಕಾಯಿಲೆ, ಕೊಡುವ ಹಾಗಿಲ್ಲ. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಸತ್ತವರ ಮನೆಯವರು ದಾನ ಕೊಟ್ಟ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಧನಲಕ್ಷ್ಮಿಯ ಹೆಸರು ಸೇರಿತು. ಅಲ್ಲಿನವರು ಹೇಳಿದ ಮಾತು ಇಷ್ಟು: ಕರೆ ಯಾವ ಹೊತ್ತಿನಲ್ಲಾದರೂ ಬರಬಹುದು, ಬಂದ ಕೂಡಲೇ ಎತ್ತಬೇಕು, ಎತ್ತಿದ ಕೂಡಲೇ ಹೊರಡಬೇಕು. ನೀವು ಸಿಗದಿದ್ದರೆ ನಾವು ಕಾಯುವ ಹಾಗಿಲ್ಲ, ಮುಂದಿನವರನ್ನು ಕರೆಯುತ್ತೇವೆ.

ಆಸ್ಪತ್ರೆಯವರ ಹತ್ತಿರ ಇದ್ದದ್ದು ಭೀಮೇಶನ ಆ ಎರಡು ನಂಬರುಗಳೇ. ದೇಹದ ಭಾಗ ಕೊಡಲು ಆಗದವನಿಗೆ ಮಾಡಲು ಉಳಿದ ಕೆಲಸ ಒಂದೇ, ಫೋನ್ ಎತ್ತುವುದು. ಅದನ್ನಾದರೂ ಸರಿಯಾಗಿ ಮಾಡುತ್ತೇನೆ ಎಂದು ಅವನು ಪಣ ತೊಟ್ಟಂತೆ ನಿಂತುಬಿಟ್ಟಿದ್ದ. ಈಗಿನ ಕಾಲದಲ್ಲಿ ಕರೆಯೂ ನೆಟ್ಟಿನಲ್ಲೇ ಬರುತ್ತದೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಆಮೇಲೆ ಕೇಳಬೇಕೇ? ನೆಟ್ ನಿಧಾನವಾದರೆ ಕರೆಯೂ ದಾರಿಯಲ್ಲೆಲ್ಲೋ ಕೂತುಬಿಡುತ್ತದೆ ಎಂದು ಅವನ ಜೀವ ಒದ್ದಾಡತೊಡಗಿತು. ನಂಬರು ಹಾಗೇ ಉಳಿಸಿಕೊಂಡು ಎರಡು ಸಲ ಕಂಪನಿ ಬದಲಾಯಿಸಿದ. ಬದಲಾಯಿಸಿದ ಮರುದಿನವೇ ಹಳೆಯದೇ ಚೆನ್ನಾಗಿತ್ತು ಅನಿಸುತ್ತಿತ್ತು. ಮೂರು ತಿಂಗಳು ಕಳೆಯದೆ ಮತ್ತೆ ಬದಲಾಯಿಸುವಂತಿಲ್ಲ ಎಂದು ಸಿಮ್ ಅಂಗಡಿಯವನು ಹೇಳಿದಾಗ ಅವನೊಂದಿಗೆ ಜಗಳವಾಡಿ ಬಂದಿದ್ದ.

ಮನೆಯನ್ನೂ ಬದಲಾಯಿಸಿದ. ಮೊದಲಿದ್ದ ಮನೆ ಗಲ್ಲಿಯ ಕೊನೆಯಲ್ಲಿತ್ತು, ಸುತ್ತ ಎತ್ತರದ ಗೋಡೆಗಳು, ಒಳಗೆ ಎರಡು ಕಡ್ಡಿಯೂ ನಿಲ್ಲುತ್ತಿರಲಿಲ್ಲ. ಬೇರೆ ಮನೆ ಹುಡುಕಲು ಹೋದವನು ನಲ್ಲಿ ತಿರುಗಿಸಿ ನೋಡಲಿಲ್ಲ, ಬಚ್ಚಲು ನೋಡಲಿಲ್ಲ. ಎರಡು ಫೋನು ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆದ. ಆಲ್ಕೊಳ ಸರ್ಕಲ್ಲಿನಿಂದ ಸ್ವಲ್ಪ ಒಳಗೆ, ಒಂದನೇ ಮಹಡಿಯ ಮನೆ. ವೇಗ ಅಳೆಯುವ ಆ್ಯಪಿನಲ್ಲಿ ಹೊಸ ಸಿಮ್ಮಿನ ಮುಳ್ಳು ಅಲ್ಲಿ ಒಂದೇ ಏಟಿಗೆ ಮೇಲಕ್ಕೆ ಹಾರಿತು. ಹಳೇ ಸಿಮ್ ಅಷ್ಟು ವೇಗ ಇಲ್ಲದಿದ್ದರೂ ಕಡ್ಡಿ ಬಿಟ್ಟುಕೊಡಲಿಲ್ಲ. ಮಾಲೀಕರಿಗೆ ಅಲ್ಲೇ ಮುಂಗಡ ಕೊಟ್ಟುಬಿಟ್ಟ. ಮಹಡಿಗೆ ನೀರು ಸರಿಯಾಗಿ ಏರುವುದಿಲ್ಲ ಎಂಬುದು ಗೊತ್ತಾದದ್ದು ಹಾಲುಕ್ಕಿಸಿದ ದಿನ.

"ಡಾಕ್ಟ್ರ ಲೆಕ್ಕದಲ್ಲಿ ನನಗೆ ಕುಡಿಯೋಕೇ ಅಳತೆ ನೀರು. ಈಗ ಸ್ನಾನಕ್ಕೂ ಅಳತೇನಾ?" ಎಂದು ಧನಲಕ್ಷ್ಮಿ ಕೇಳಿದ್ದಳು.

"ಟವರ್ ನೋಡು ಧನು, ಹೆಂಗೆ ಬರ್ತಿದೆ!"

"ಬರಲಿ ಬಿಡಿ. ಬಕೆಟ್ ತುಂಬಿಸ್ಕೋತೀನಿ."

ಅವಳ ಬಾಯಿ ಹಾಗೆ. ಕಾಯಿಲೆ ಮೈಯನ್ನು ಹಿಂಡಿತ್ತೇ ವಿನಾ ನಾಲಿಗೆಯನ್ನು ಮುಟ್ಟಿರಲಿಲ್ಲ. ಡಯಾಲಿಸಿಸ್ ಇಲ್ಲದ ದಿನ ಕಿಟಕಿಯ ಹತ್ತಿರ ಕೂತು ಅಕ್ಕಪಕ್ಕದವರ ರವಿಕೆಗೆ ಹೆಮ್ಮಿಂಗ್ ಹಾಕುತ್ತಿದ್ದಳು. ಕಿಟಕಿಯ ಹತ್ತಿರವೇ ಯಾಕೆಂದರೆ ಭೀಮೇಶ ಮನೆಯಲ್ಲಿದ್ದಾಗ ಫೋನುಗಳು ಇರುತ್ತಿದ್ದದ್ದು ಅಲ್ಲಿ, ಸರಳಿಗೆ ಕಟ್ಟಿದ ಪ್ಲಾಸ್ಟಿಕ್ ಬುಟ್ಟಿಯಲ್ಲಿ. ಅವನು ಸ್ನಾನಕ್ಕೆ ಹೋದರೆ ಅವಳು ಕಾವಲು. ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿ ರಿಂಗಾಗುತ್ತದೆಯೇ ಎಂದು ನೋಡುವುದು ಅವನಿಗೆ ಬಾಯಿ ಮುಕ್ಕಳಿಸುವಷ್ಟೇ ಅಭ್ಯಾಸವಾಗಿತ್ತು. ರಿಂಗಾದರೆ ಮುಖ ಅರಳುತ್ತಿತ್ತು. ಆದರೆ ಆ ಸಮಾಧಾನ ಚಹಾ ಆರುವಷ್ಟು ಹೊತ್ತೂ ಉಳಿಯುತ್ತಿರಲಿಲ್ಲ. ಈಗ ರಿಂಗಾಯಿತು ಸರಿ, ಇನ್ನೊಂದು ಗಳಿಗೆಗೆ ಆಗುತ್ತದೆ ಎಂದು ಏನು ಗ್ಯಾರಂಟಿ? ಮತ್ತೆ ಮಾಡುತ್ತಿದ್ದ.

ಹೀಗೆ ಒಂದೂವರೆ ವರ್ಷ ನಡೆಯಿತು. ಧನಲಕ್ಷ್ಮಿ ಆಸ್ಪತ್ರೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಆಸ್ಪತ್ರೆ. ತವರು ಮನೆ ಭದ್ರಾವತಿ, ಬಸ್ಸು ಹತ್ತಿದರೆ ಹತ್ತಿರವೇ. ಆದರೂ ಭೀಮೇಶ ಕಳಿಸುತ್ತಿರಲಿಲ್ಲ. ಅವರದು ಕಾರ್ಖಾನೆಯವರ ಹಳೇ ಕ್ವಾರ್ಟರ್ಸು. ದಪ್ಪ ಗೋಡೆ, ತಗ್ಗು ಜಾಗ, ಒಳಗೆ ಕಾಲಿಟ್ಟರೆ ಎರಡೂ ಫೋನು ಸತ್ತ ಹಾಗೆ. ಅಲ್ಲಿಗೆ ಹೋದಾಗ ಕರೆ ಬಂದರೆ? ಈ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇರಲಿಲ್ಲ, ಹಾಗಾಗಿ ಯಾವಾಗಲೂ ಅವನೇ ಗೆಲ್ಲುತ್ತಿದ್ದ.

ಅವನು ಸೋತದ್ದು ಶಿವಕುಮಾರನ ಹೆಂಡತಿ ಸುಮನಾ ಹೆಣ್ಣು ಮಗು ಹೆತ್ತಾಗ. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಆ ಮನೆತನದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಶಿವಕುಮಾರನಿಗೆ ಇದ್ದ ಅಕ್ಕ ಒಬ್ಬಳೇ, ಧನಲಕ್ಷ್ಮಿ.

"ಬೇರೆ ಯಾರಾದ್ರೂ ಹೇಳಲಿ. ಚಿಕ್ಕಪ್ಪನ ಮಗಳು ಇದಾಳಲ್ಲ" ಎಂದ ಭೀಮೇಶ.

ಧನಲಕ್ಷ್ಮಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು. "ನಾನು ಸತ್ತ ಮೇಲೆ ಅವಳು ಹೇಳಲಿ. ಇದೀನಲ್ಲ ಇನ್ನೂ?"

"ಅಂಥಾ ಮಾತಾಡ್ಬೇಡ."

"ನೀವು ಆಡಿಸ್ಬೇಡಿ. ನಮಗಂತೂ ಮಕ್ಕಳಾಗಲಿಲ್ಲ. ತಮ್ಮನ ಮಗೂಗೆ ಹೆಸರಿಡೋಕೂ ನಿಮ್ಮ ಟವರ್‌ನ ಕೇಳ್ಕೊಂಡು ಹೋಗ್ಬೇಕಾ ನಾನು?"

ಅವನು ಮೆತ್ತಗಾದ. ಕೊನೆಗೆ ಒಪ್ಪಂದವಾಯಿತು. ಅವಳು ಒಳಗೆ ಶಾಸ್ತ್ರ ಮುಗಿಸಲಿ. ಅವನು ಒಳಗೆ ಬರುವುದಿಲ್ಲ, ಮೇಲಿನ ರಸ್ತೆಯಲ್ಲಿ ಸಿಗ್ನಲ್ ಇರುವ ಕಡೆ ಎರಡು ಫೋನು ಹಿಡಿದು ನಿಂತಿರುತ್ತಾನೆ. ಬೆಂಗಳೂರಿಗೆ ಹೊರಡುವ ಚೀಲ, ಆಸ್ಪತ್ರೆಯ ಫೈಲು ಆಟೋದಲ್ಲೇ ಇರಲಿ. ಕರೆ ಬಂದರೆ ಬೆಂಗಳೂರಿಗೆ ಕರೆದೊಯ್ಯಲು ಕಾರಿರುವ ಒಬ್ಬ ಗೆಳೆಯನಿಗೂ ತಯಾರಿರಲು ಹೇಳಿಡುವುದು.

ಭಾನುವಾರ ಬೆಳಿಗ್ಗೆ ಹೊರಟರು. ಮಲವಗೊಪ್ಪ ದಾಟಿ ನಿದಿಗೆ, ಮಾಚೇನಹಳ್ಳಿ. ಧನಲಕ್ಷ್ಮಿ ಹಸಿರು ಸೀರೆ ಉಟ್ಟು ಮಲ್ಲಿಗೆ ಮುಡಿದು ಹೊರಗಿನ ಗದ್ದೆ, ಅಂಗಡಿ, ಕಾರ್ಖಾನೆಗಳನ್ನು ಹೊಸದಾಗಿ ನೋಡುವವಳಂತೆ ನೋಡುತ್ತಿದ್ದಳು. ಭೀಮೇಶ ನೋಡುತ್ತಿದ್ದದ್ದು ಹ್ಯಾಂಡಲ್ ಪಕ್ಕದ ಎರಡು ಪರದೆಗಳನ್ನು. "ಹೊಸದು ಬಿತ್ತು... ಹಳೇದು ಇದೆ... ಹಾಂ, ಹೊಸದೂ ಬಂತು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ.

"ರಸ್ತೆ ನೋಡಿ ಓಡಿಸ್ರಿ. ಕಿಡ್ನಿ ಬರೋದ್ರೊಳಗೆ ಕೈಕಾಲು ಹೋದಾವು" ಎಂದಳು ಅವಳು. ಅವನು ನಕ್ಕ. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಅಂಥ ಕಳೆ ಇತ್ತು. ಕರೆದುಕೊಂಡು ಬಂದದ್ದು ಒಳ್ಳೆಯದೇ ಆಯಿತು ಎಂದು ಒಂದು ಕ್ಷಣ ಅವನಿಗೂ ಅನಿಸಿತು.

ಕ್ವಾರ್ಟರ್ಸಿನ ಬಾಗಿಲಲ್ಲಿ ಯಲ್ಲಮ್ಮ ಮಗಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಅಳಿಯನನ್ನು ಒಳಗೆ ಕರೆದರು.

"ಬರ್ತೀನಿ ಅತ್ತೆ, ನೀವು ನಡೆಸಿ" ಎನ್ನುತ್ತ ಅವನು ಆಗಲೇ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದ. ಹೊಸ ಸಿಮ್ಮಿನ ಕಡ್ಡಿಗಳು ಮಾಯವಾಗಿದ್ದವು.

ಮೇಲಿನ ರಸ್ತೆಗೆ ಬಂದ ಮೇಲೆ ಅವನ ಉಸಿರು ನೆಟ್ಟಗಾಯಿತು. ಅಲ್ಲೊಂದು ಮೋರಿ ಕಟ್ಟೆ, ಅದರ ಎದುರಿಗೆ ಉಜ್ಜನಪ್ಪನವರ ಪೆಟ್ಟಿಗೆ ಅಂಗಡಿ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಉಜ್ಜನಪ್ಪ ಬೀಡಿ, ಬಾಳೆಹಣ್ಣು ಮಾರುತ್ತ ರಸ್ತೆ ನೋಡುತ್ತ ಕೂತಿರುತ್ತಿದ್ದರು. ಅವತ್ತು ಅವರಿಗೆ ನೋಡಲು ಒಳ್ಳೆಯ ದೃಶ್ಯ ಸಿಕ್ಕಿತು. ಮೋರಿ ಕಟ್ಟೆಯ ಮೇಲೆ ಹಳೇ ಸಿಮ್ಮಿಗೆ ಸಿಗ್ನಲ್ ಚೆನ್ನಾಗಿತ್ತು, ಹೊಸದಕ್ಕೆ ಇರಲಿಲ್ಲ. ಅಂಗಡಿಯ ಪಕ್ಕ ಹೊಸದು ಜಿಗಿಯಿತು, ಹಳೆಯದು ಕುಸಿಯಿತು. ಭೀಮೇಶ ರಸ್ತೆಯ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಓಡಾಡತೊಡಗಿದ. ಎರಡೂ ಒಟ್ಟಿಗೆ ಚೆನ್ನಾಗಿ ಸಿಗುವ ಒಂದು ಜಾಗ ಇರಲೇಬೇಕು ಎಂದು ಅವನ ಹಟ.

"ಏನು ಕಳ್ಕೊಂಡ್ಯಪ್ಪ?" ಎಂದು ಉಜ್ಜನಪ್ಪ ಕೇಳಿದರು.

"ಏನಿಲ್ಲ ಯಜಮಾನ್ರೇ, ಟವರ್ ನೋಡ್ತಾ ಇದೀನಿ."

"ಅದು ಆ ಕಡೆ ಇದೆಯಲ್ಲ, ಅಷ್ಟುದ್ದ. ಕಾಣಲ್ವಾ?"

ಭೀಮೇಶನಿಗೆ ನಗುವ ಪುರುಸೊತ್ತಿರಲಿಲ್ಲ. ಕೆಳಗಿನ ಮನೆಯಿಂದ ಹೆಂಗಸರ ಹಾಡು ಕೇಳಿಬಂತು. ಶಾಸ್ತ್ರ ಶುರುವಾಗಿತ್ತು. ಧನಲಕ್ಷ್ಮಿ ಮಗುವನ್ನು ಎತ್ತಿಕೊಂಡಿರಬೇಕು. ನೋಡಬೇಕು ಎಂದು ಅವನ ಕಾಲು ತಗ್ಗಿನ ಕಡೆ ತಿರುಗಿತು, ಮರುಗಳಿಗೆಯೇ ಅಂಕಿ ಇಳಿದದ್ದು ಕಂಡು ವಾಪಸ್ ಬಂತು. ಮೈ ಕೆರೆಯುವಂಥ ಒಂದು ಚಡಪಡಿಕೆ. ಮೊದಲು ವೇಗ ಅಳೆದ. ಹೊಸದರಲ್ಲಿ ಮುಳ್ಳು ಸರ್ರನೆ ಏರಿತು, ಹಳೆಯದರಲ್ಲಿ ತೆವಳಿತು. ಅಂದರೆ ಹಳೆಯದಕ್ಕೆ ಕಡ್ಡಿ ಇದೆ, ವೇಗ ಇಲ್ಲ. ಹೊಸದಕ್ಕೆ ವೇಗ ಇದೆ, ಕಡ್ಡಿ ಇಲ್ಲ. ಇದೆಂಥ ಕರ್ಮ ಎಂದುಕೊಂಡ. ಇನ್ನು ಕರೆ ಮಾಡಿ ನೋಡದೆ ಬೇರೆ ದಾರಿಯಿಲ್ಲ.

ಹಳೆಯದರಿಂದ ಹೊಸದಕ್ಕೆ ಕರೆ ಹಚ್ಚಿದ. ರಿಂಗಾಯಿತು. ಬೇರೆ ದಿನವಾದರೆ ಅಷ್ಟಕ್ಕೇ ಕಟ್ ಮಾಡುತ್ತಿದ್ದ. ಅವತ್ತು ಎತ್ತಿಯೂ ನೋಡೋಣ, ಮಾತು ಒಡೆಯುತ್ತದೆಯೇ ತಿಳಿಯಲಿ ಎಂದು ಎತ್ತಿದ. ಎಡಗಿವಿಗೆ ಒಂದು, ಬಲಗಿವಿಗೆ ಒಂದು.

"ಹಲೋ, ಹಲೋ. ಕೇಳ್ತಾ ಇದೆಯಾ?" ಎಂದ ಎಡಕ್ಕೆ.

"ಕೇಳ್ತಾ ಇದೆ, ಕೇಳ್ತಾ ಇದೆ" ಎಂದ ಬಲಕ್ಕೆ.

ಉಜ್ಜನಪ್ಪ ಬೀಡಿ ಬಾಯಿಂದ ತೆಗೆದು ಗಟ್ಟಿಯಾಗಿ ನಕ್ಕರು. ಹಾದು ಹೋಗುತ್ತಿದ್ದ ಸೈಕಲ್ಲಿನವನೂ ನಿಂತು ನೋಡಿ ಹೋದ. ಮಾತು ನಡುನಡುವೆ ಒಡೆಯುತ್ತಿತ್ತು. ಭೀಮೇಶ ಕರೆಯನ್ನು ಹಾಗೇ ಇಟ್ಟುಕೊಂಡು ರಸ್ತೆಯುದ್ದಕ್ಕೂ ನಡೆದ. ಎಲ್ಲಿ ಒಡೆಯುವುದು ನಿಲ್ಲುತ್ತದೆಯೋ ಅಲ್ಲಿ ನಿಲ್ಲೋಣ ಎಂದು. ತುಂಡಾಯಿತು. ಹೊಸದರಿಂದ ಹಳೆಯದಕ್ಕೆ ಹಚ್ಚಿದ. "ಹಲೋ, ಹಲೋ." ಮತ್ತೆ ನಡೆದ. ಮತ್ತೆ ತುಂಡಾಯಿತು, ಮತ್ತೆ ಹಚ್ಚಿದ. ಕೊನೆಗೆ ಮೋರಿ ಕಟ್ಟೆಯ ಪಕ್ಕದ ಒಂದು ಕಲ್ಲಿನ ಹತ್ತಿರ ಎರಡೂ ಸ್ವಚ್ಛವಾಗಿ ಕೇಳಿಸಿದವು. ಸಿಕ್ಕಿತು! ಖಾತ್ರಿಗೆ ಇರಲಿ ಎಂದು ಆ ಕಲ್ಲಿನ ಮೇಲೆ ಕೂತು, ಎರಡು ಕಿವಿಗೆ ಎರಡು ಫೋನು ಹಿಡಿದು, ತನ್ನ ಉಸಿರನ್ನು ತಾನೇ ಕೇಳುತ್ತ ಬಹಳ ಹೊತ್ತು ಕೂತ. ಒಡೆಯಲಿಲ್ಲ. ತುಂಡಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಅವನ ಭುಜ ಸಡಿಲವಾಯಿತು. ಕೆಳಗೆ ಹಾಡು ಮುಗಿದು ನಗು ಕೇಳಿಸುತ್ತಿತ್ತು. ಕರೆ ಕಟ್ ಮಾಡಿ ಫೋನುಗಳನ್ನು ತೊಡೆಯ ಮೇಲಿಟ್ಟುಕೊಂಡ.

ಹಳೇ ಸಿಮ್ಮಿನ ಫೋನು ರಿಂಗಾಯಿತು. ಬೆಂಗಳೂರಿನ ನಂಬರು.

ಅವನು ಎದ್ದು ನಿಂತ. "ಹಲೋ, ಹೇಳಿ ಮೇಡಂ, ಧನಲಕ್ಷ್ಮಿ ಕಡೆಯವರು, ಕೇಳ್ತಾ ಇದೆ, ಚೆನ್ನಾಗಿ ಕೇಳ್ತಾ ಇದೆ."

"ಸರ್, ನಾನು ಸಂಧ್ಯಾ ಅಂತ. ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್, ಕಿಡ್ನಿ ಲಿಸ್ಟ್ ನೋಡ್ಕೊಳ್ಳೋದು."

"ಹೊರಟ್ವಿ ಮೇಡಂ. ಈಗಲೇ ಹೊರಟ್ವಿ. ಚೀಲ, ಫೈಲು ಎಲ್ಲಾ ರೆಡಿ ಇದೆ."

ಆ ಕಡೆ ಒಂದು ಕ್ಷಣ ಮಾತಿರಲಿಲ್ಲ. ಸಿಗ್ನಲ್ ಹೋಯಿತೇ ಎಂದು ಅವನು ಪರದೆ ನೋಡಿದ. ಎಲ್ಲ ಕಡ್ಡಿಗಳೂ ಇದ್ದವು.

"ಸರ್, ನಿಧಾನಕ್ಕೆ ಕೇಳಿ. ಇವತ್ತು ಬೆಳಿಗ್ಗೆ ನಿಮ್ಮ ಮನೆಯವರಿಗೆ ಹೊಂದೋ ಕಿಡ್ನಿ ಬಂತು. ಅವರ ಹೆಸರೇ ಮೊದಲು ಇತ್ತು. ತುಂಬಾ ಸಲ ಟ್ರೈ ಮಾಡಿದ್ವಿ. ಒಂದು ನಂಬರ್ ಬಿಜಿ ಬಂತು. ಇನ್ನೊಂದಕ್ಕೆ ಮಾಡಿದ್ವಿ, ಅದೂ ಬಿಜಿ. ಕಾಲ್ ವೇಟಿಂಗೂ ಇಲ್ಲ. ಮತ್ತೆ ಮತ್ತೆ ಮಾಡಿದಾಗಲೂ ಎರಡೂ ಬಿಜಿನೇ. ನಮಗೆ ಅಷ್ಟೊತ್ತು ಕಾಯೋಕೆ ಆಗಲ್ಲ ಸರ್. ಮುಂದಿನವರಿಗೆ ಹೇಳಿದ್ವಿ, ಅವರು ಹೊರಟಾಯ್ತು."

ಭೀಮೇಶನಿಗೆ ಮಾತೆಲ್ಲ ಸ್ಪಷ್ಟವಾಗಿ ಕೇಳಿಸಿತು. ಒಂದಕ್ಷರವೂ ಒಡೆಯಲಿಲ್ಲ.

"ಹೆಸರು ಲಿಸ್ಟಲ್ಲಿ ಹಾಗೇ ಇರತ್ತೆ ಸರ್. ಅದು ಹೋಗಲ್ಲ. ಆದ್ರೆ ಫೋನ್ ದಯವಿಟ್ಟು ಫ್ರೀ ಇಡಿ" ಎಂದು ಅವರು ಮೆತ್ತಗೆ ಹೇಳಿ ಇಟ್ಟರು.

ಅವನು ಕಲ್ಲಿನ ಮೇಲೆ ಕುಸಿದ. ಯಾರ ಜೊತೆ ಮಾತಾಡುತ್ತಿದ್ದೆ ನಾನು? ನನ್ನ ಜೊತೆಗೇ. ಅವಳ ಜೀವ ಬಾಗಿಲು ಬಡಿಯುತ್ತಿದ್ದಾಗ ನಾನು ನನಗೇ ಹಲೋ ಹಲೋ ಎನ್ನುತ್ತಿದ್ದೆ. ಅವನು ಮೋರಿಯ ಕಡೆ ಬಾಗಿ ವಾಂತಿ ಮಾಡಿಕೊಂಡ. ಉಜ್ಜನಪ್ಪ ಗಾಬರಿಯಿಂದ ನೀರಿನ ಚೊಂಬು ಹಿಡಿದು ಬಂದರು. ಅವರು ಈಗ ನಗುತ್ತಿರಲಿಲ್ಲ.

ಹೇಳದೆ ಇರಬಹುದು ಎಂಬ ಯೋಚನೆ ಬಂತು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ವಾರಕ್ಕೆ ಎರಡು ಸಲ ಅವಳನ್ನು ಡಯಾಲಿಸಿಸ್ಸಿಗೆ ಕರೆದೊಯ್ಯಲು ತನ್ನಿಂದಾಗದು ಎಂದೂ ಅವನಿಗೆ ಗೊತ್ತಿತ್ತು. ಮುಖ ತೊಳೆದುಕೊಂಡು ತಗ್ಗಿಗೆ ಇಳಿದ.

ಒಳಗೆ ಎಲೆ ಹಾಕಿದ್ದರು. ಧನಲಕ್ಷ್ಮಿ ತೊಟ್ಟಿಲ ಪಕ್ಕ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಬಿಂದುಶ್ರೀ ಅಂತ ಇಟ್ವಿ ರೀ, ಕೇಳಿ ಕಣ್ಣು ಬಿಟ್ಟಳು" ಎಂದು ತಲೆಯೆತ್ತಿದವಳು ಅವನ ಮುಖ ಕಂಡು ನಿಲ್ಲಿಸಿದಳು.

"ಕಾಲ್ ಬಂತಾ?"

"ಬಂತು."

ಅವಳ ಮುಖಕ್ಕೆ ರಕ್ತ ನುಗ್ಗಿತು. ಮಗುವನ್ನು ಸುಮನಾಳ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. "ಅಮ್ಮ, ಹೊರಡ್ತೀನಿ, ಆರತಿ ತಾ. ನಡೀರಿ ಮತ್ತೆ, ಯಾಕೆ ನಿಂತಿದೀರ?"

ಅವಳನ್ನು ಹಿತ್ತಿಲ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಅವನು ಎಲ್ಲ ಹೇಳಿದ. ಏನೂ ಮುಚ್ಚಿಡಲಿಲ್ಲ. "ನಾನೇ ಬಿಜಿ ಮಾಡಿದ್ದೆ ಧನು. ಎರಡನ್ನೂ ನಾನೇ" ಎಂದ.

ಧನಲಕ್ಷ್ಮಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಆಮೇಲೆ ಅತ್ತಳು. ಅಳು ಮುಗಿದ ಮೇಲೆ ಸಿಟ್ಟು ಬಂತು. ಅಂಥ ಸಿಟ್ಟನ್ನು ಅವನು ಮದುವೆಯಾದಾಗಿನಿಂದ ನೋಡಿರಲಿಲ್ಲ.

"ಒಂದೂವರೆ ವರ್ಷ ನನ್ನ ಕಿಟಕಿಗೆ ಕಟ್ಟಿಹಾಕಿದ್ರಿ. ತವರಿಗೆ ಬಿಡಲಿಲ್ಲ, ಒಂದು ಮದುವೆಗೆ ಬಿಡಲಿಲ್ಲ. ಆಯ್ತು, ನನಗೋಸ್ಕರ ತಾನೆ ಅಂತ ಸುಮ್ಮನಿದ್ದೆ. ಅಲ್ರೀ, ನನ್ನ ನಂಬರ್ ಯಾಕೆ ಕೊಡಲಿಲ್ಲ ಅವರಿಗೆ?"

"ನಿನಗ್ಯಾಕೆ ತಲೆಬಿಸಿ ಅಂತ..."

"ಕಿಡ್ನಿ ನಂದು, ತಲೆಬಿಸಿ ನಿಮ್ದು! ನಾನೇನು ಫೋನ್ ಎತ್ತೋಕೂ ಬರದೋಳಾ?"

ಅವಳು ಹೊಡೆದಿದ್ದರೂ ಆಗುತ್ತಿತ್ತು ಎಂದು ಅವನಿಗೆ ಅನಿಸಿತು. ಅವಳು ಮೂಗು ಒರೆಸಿಕೊಂಡು, ಒಳಗೆ ಹೋಗಿ ತನ್ನ ಫೋನು ತಂದಳು. ಒಡೆದ ಗಾಜಿನ ಹಳೆಯ ಫೋನು. ಹಿತ್ತಿಲಿನಿಂದಲೇ ರಸ್ತೆಯ ಕಡೆ ಹತ್ತತೊಡಗಿದಳು. ನಾಲ್ಕು ಹೆಜ್ಜೆಗೆ ಉಸಿರು ಕಟ್ಟಿ ನಿಂತಳು. ಅವನು ಕೈ ನೀಡಿದ. ಅವಳು ಹಿಡಿಯಲಿಲ್ಲ, ನಿಧಾನವಾಗಿ ತಾನೇ ಹತ್ತಿದಳು.

"ಎಲ್ಲಿ ನಿಂತ್ರೆ ಸಿಗತ್ತೆ?"

ಅವನು ಮೋರಿ ಕಟ್ಟೆಯ ಪಕ್ಕದ ಕಲ್ಲನ್ನು ತೋರಿಸಿದ. ಅವಳು ಅದರ ಮೇಲೆ ಕೂತು ಸುಧಾರಿಸಿಕೊಂಡು, ಅವನ ಫೋನಿನಲ್ಲಿದ್ದ ಬೆಂಗಳೂರಿನ ನಂಬರನ್ನು ನೋಡಿ ತನ್ನದರಲ್ಲಿ ಒತ್ತಿದಳು.

"ಮೇಡಂ, ಧನಲಕ್ಷ್ಮಿ ಮಾತಾಡ್ತಿರೋದು. ಶಿವಮೊಗ್ಗದಿಂದ. ಇಲ್ಲ, ಕಡೆಯವರಲ್ಲ, ನಾನೇ ಪೇಷಂಟು... ಹೌದು, ಹೇಳಿದ್ರು. ಇರಲಿ ಮೇಡಂ. ಹೊರಟಿರೋರು ಯಾರೋ, ಅವರಿಗೆ ಒಳ್ಳೇದಾಗಲಿ." ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಈ ನಂಬರ್ ಬರ್ಕೊಳ್ಳಿ. ಮೊದಲು ಇದಕ್ಕೆ ಮಾಡಿ. ಹಾಂ, ನನ್ನದು. ಆ ಎರಡೂ ಆಮೇಲೆ... ನೆಟ್‌ವರ್ಕಾ? ಇದೆ ಮೇಡಂ. ನಾನೇ ಎತ್ತುತೀನಿ."

ಫೋನನ್ನು ಸೆರಗಿನಲ್ಲಿ ಒರೆಸಿ ಮುಷ್ಟಿಯಲ್ಲಿ ಹಿಡಿದುಕೊಂಡು ಎದ್ದಳು. "ನಾನು ಇವತ್ತು ಇಲ್ಲೇ ಇರ್ತೀನಿ. ನಾಳೆ ಡಯಾಲಿಸಿಸ್ ಹೊತ್ತಿಗೆ ಬಂದು ಕರ್ಕೊಂಡು ಹೋಗಿ" ಎಂದಳು.

"ಒಳಗೆ ಟವರ್..." ಎಂದು ಅವನ ಬಾಯಿಂದ ಹೊರಬಿತ್ತು.

"ಚಾಪೆ ತಂದು ಇಲ್ಲೇ ಕೂತ್ಕೋತೀನಿ. ಮಗೂನೂ ಇಲ್ಲೇ ಕರ್ಕೊಂಡು ಬರ್ತಾರೆ. ನೀವು ಒಳಗೆ ಹೋಗಿ ಊಟ ಮಾಡಿ, ಅಮ್ಮ ಕಾಯ್ತಾ ಇದಾಳೆ."

ಅವನು ಎರಡು ಹೆಜ್ಜೆ ಇಳಿದು ನಿಂತ. ಅವಳು ಮತ್ತೆ ಕಲ್ಲಿನ ಮೇಲೆ ಕೂತು ರಸ್ತೆಯ ಕಡೆ ಮುಖ ಮಾಡಿದ್ದಳು. ಅವಳ ಆ ಹಳೆಯ ಫೋನು ಸರಿಯಾಗಿ ರಿಂಗಾಗುತ್ತದೋ ಇಲ್ಲವೋ? ಕೈ ತಾನಾಗಿ ಜೇಬಿಗೆ ಹೋಯಿತು, ಫೋನು ಹೊರಬಂತು, ಹೆಬ್ಬೆರಳು ಧನು ಎಂಬ ಹೆಸರಿನ ಮೇಲೆ ಬಂದು ನಿಂತಿತು. ಒಂದೇ ಒಂದು ಸಲ, ಒಂದೇ ರಿಂಗು.

ಅವನು ಒತ್ತಲಿಲ್ಲ. ಎರಡೂ ಫೋನನ್ನು ಜೇಬಿಗೆ ಹಾಕಿಕೊಂಡು, ಸಿಗ್ನಲ್ ಇಲ್ಲದ ಆ ಮನೆಯೊಳಗೆ ಹೋಗಿ ಎಲೆಯ ಮುಂದೆ ಕೂತ.